ವಿಜ್ಞಾನದ ಜಾತ್ರೆ

ಜಾತ್ರೆಗೆ ಪ್ರವೇಶಧನವಿಲ್ಲ. ಕಲಬುರ್ಗಿಯ ಶರಣಬಸವೇಶ್ವರರ ರಥೋತ್ಸವಕ್ಕೆ ಬಂದವನನ್ನು, ನೀನು ಎಷ್ಟು ಓದಿದ್ದೀಯೆ, ಎಷ್ಟು ಗಳಿಸುತ್ತೀಯೆ ಎಂದು ಕೇಳುವವರಿಲ್ಲ. ಉತ್ತತ್ತಿ ಎಸೆಯುವವನು ಎಸೆಯುತ್ತಾನೆ, ಬೆಂಡು ಬೆತ್ತಾಸು ಕೊಳ್ಳುವವನು ಕೊಳ್ಳುತ್ತಾನೆ. ಏನನ್ನೂ ಕೊಳ್ಳದೆ ಕಣ್ಣು ತುಂಬ ನೋಡಿಕೊಂಡು ಹೋಗುವವನೂ ಜಾತ್ರೆಗೆ ಬೇಕಾದವನೇ. ವಿಜ್ಞಾನಕ್ಕೂ ಇಂಥ ಜಾತ್ರೆಗಳುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷದಲ್ಲೊಂದು ದಿನ ತನ್ನ ಪ್ರಯೋಗಶಾಲೆಗಳ ಬಾಗಿಲನ್ನು ಸರ್ವರಿಗೂ ತೆರೆದಿಡುತ್ತದೆ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಬಂತೆಂದರೆ ಸಣ್ಣ ಊರುಗಳ ಶಾಲೆಗಳಲ್ಲಿಯೂ ವಸ್ತುಪ್ರದರ್ಶನ, ಉಪನ್ಯಾಸ. ಹಣ ಕೇಳದ, ಯಾರನ್ನೂ ಬಾಗಿಲಲ್ಲಿ ತಡೆಯದ ಈ ಸಂಭ್ರಮದ ವಿಷಯವನ್ನು ಕನ್ನಡ ಪಾಠ ಹೇಳುವವನು ಎತ್ತಿಕೊಂಡದ್ದೇಕೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರಕ್ಕಾಗಿ ಒಂದು ಪ್ರದರ್ಶನದ ಕಥೆಯನ್ನೇ ಹೇಳಬೇಕು.

ಸೇಡಂ ಕಡೆಯ ಒಂದು ಶಾಲೆ, ಹೆಸರು ಬೇಡ. 2023ರ ಫೆಬ್ರವರಿಯಲ್ಲಿ ಅಲ್ಲಿನ ವಸ್ತುಪ್ರದರ್ಶನಕ್ಕೆ ತೀರ್ಪುಗಾರರಲ್ಲಿ ಒಬ್ಬನಾಗಿ ನನ್ನನ್ನು ಕರೆದಿದ್ದರು. ವಿಜ್ಞಾನದ ಅಧ್ಯಾಪಕರೊಬ್ಬರು ಕಡೆಯ ಗಳಿಗೆಯಲ್ಲಿ ಬಾರದೆ ಹೋದದ್ದರಿಂದ ಆ ಪದವಿ ನನ್ನ ಪಾಲಿಗೆ ಬಂತೆಂದು ಆಮೇಲೆ ತಿಳಿಯಿತು. ಮೇಜುಗಳ ಸಾಲಿನ ನಡುವೆ ಎಲ್ಲರ ಕಣ್ಣು ಸೆಳೆಯುತ್ತಿದ್ದದ್ದು ಒಂದು ಜ್ವಾಲಾಮುಖಿ. ಮಣ್ಣಿನ ಗುಡ್ಡ, ಅದರ ಬಾಯಿಗೆ ಸೋಡಾಪುಡಿ, ಮೇಲೆ ಕೆಂಪು ಬಣ್ಣ ಬೆರೆಸಿದ ಹುಳಿನೀರು. ಭುಸ್ಸೆಂದು ನೊರೆ ಉಕ್ಕಿ ಹರಿಯುವುದು. ಹುಡುಗ ಇಂಗ್ಲಿಷಿನಲ್ಲಿ ಎರಡು ಪುಟದಷ್ಟು ವಿವರಣೆಯನ್ನು ಉಸಿರು ಬಿಡದೆ ಒಪ್ಪಿಸಿದ. ಮೊಮ್ಮಗಳ ಮಾದರಿಯನ್ನು ನೋಡಲು ಕೊಡ್ಲಿಯಿಂದ ಬಂದಿದ್ದ ಮುದುಕ ರೈತರೊಬ್ಬರು ಅದನ್ನೆಲ್ಲ ತಾಳ್ಮೆಯಿಂದ ಕೇಳಿ, ಮುಂಡಾಸು ಸರಿಪಡಿಸಿಕೊಂಡು, "ತಮ್ಮಾ, ನಮ್ಮ ಕಡಿ ನೆಲದಾಗ ಗುಡುಗಿದಂಗ ಸಪ್ಪಳ ಆಗ್ತದಲ್ಲ, ಅದು ಇದೇ ಏನು?" ಎಂದರು.

ಹುಡುಗ ತನ್ನ ಗುರುಗಳ ಮುಖ ನೋಡಿದ. ಗುರುಗಳು ನಕ್ಕರು. ಮುದುಕರು ನನ್ನತ್ತ ತಿರುಗಿ, "ನೀವಾರೇ ಹೇಳ್ರಿ ಸರಾ" ಎಂದರು. ತಿಳಿದುಕೊಂಡು ಹೇಳುತ್ತೇನೆ ಎಂದು ನಾನು ಜಾರಿಕೊಂಡೆ. ಜ್ವಾಲಾಮುಖಿಗೆ ಮೊದಲನೆಯ ಬಹುಮಾನ ಬಂತು. ಅಂಕಪಟ್ಟಿಗೆ ನನ್ನ ರುಜುವೂ ಇದೆ.

ಆ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. 2021ರ ಅಕ್ಟೋಬರಿನಲ್ಲಿ ಅದೇ ಸೀಮೆಯ, ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲದೊಳಗಿಂದ ಭಾರೀ ಸದ್ದು ಕೇಳಿಬರತೊಡಗಿತು. 11ನೆಯ ತಾರೀಖು ರಾತ್ರಿ 4.1 ಪ್ರಮಾಣದ ಕಂಪನವೂ ದಾಖಲಾಯಿತು. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಮಕ್ಕಳನ್ನು ಕಟ್ಟಿಕೊಂಡು ನೆಂಟರ ಊರಿಗೆ ಹೋದವರೂ ಉಂಟು. ಹೈದರಾಬಾದಿನಿಂದ ವಿಜ್ಞಾನಿಗಳು ಬಂದರು, ಮಾಪಕಗಳನ್ನಿಟ್ಟರು. ಈ ಭಯಕ್ಕೆ ಹಿಂದಿನ ನೆನಪಿನ ಬಲವೂ ಇತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಜನ ದಣಿದು ಮಲಗಿದ್ದಾಗ, ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು. ಸುಮಾರು ಹತ್ತು ಸಾವಿರ ಮಂದಿ ಮಡಿದರು. ಆಗ ನಾನಿನ್ನೂ ಶಾಲೆಯ ಹುಡುಗ. ನಮ್ಮ ಮನೆಯ ಗೂಡಿನಲ್ಲಿದ್ದ ತಂಬಿಗೆಗಳು ಒಂದಕ್ಕೊಂದು ತಗುಲಿ ಸದ್ದು ಮಾಡಿದ್ದು ಈಗಲೂ ಕಿವಿಯಲ್ಲಿದೆ. ಅಂಥ ನೆನಪನ್ನು ಹೊತ್ತವರ ಕಾಲಡಿಯಲ್ಲಿ ಭೂಮಿ ಗುಡುಗಿದರೆ, ಅವರಿಗೆ ಒಂದು ಮಾತು ಬೇಕು. ಅದು ಅವರಿಗೆ ತಿಳಿಯುವ ಮಾತಾಗಿರಬೇಕು.

ಜನರಿಗೆ ತಿಳಿಯುವ ಮಾತಿನಲ್ಲಿ ವಿಜ್ಞಾನವನ್ನು ಹೇಳಬೇಕೆಂಬ ಆಸೆ ಕನ್ನಡದಲ್ಲಿ ಹೊಸದೇನಲ್ಲ. ಬೆಂಗಳೂರಿನಲ್ಲಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಗೆಳೆಯರು 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದನ್ನು ನಡೆಸಿದವರು ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು. ಪತ್ರಿಕೆ ಬಾಳಿದ್ದು ಎರಡೇ ವರ್ಷ. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದವರು. ಪಂಪಭಾರತವನ್ನು ಶೋಧಿಸಿ ಸಂಪಾದಿಸಿದವರೂ ಅವರೇ. ಕಾವ್ಯವೊಂದು ಕಡೆ, ವಿಜ್ಞಾನವೊಂದು ಕಡೆ ಎಂಬ ಬೇಲಿ ಆ ತಲೆಮಾರಿನವರಿಗೆ ಗೊತ್ತಿರಲಿಲ್ಲ. ನಮ್ಮ ಕಾಲೇಜುಗಳ ವೇಳಾಪಟ್ಟಿಯನ್ನು ನೋಡಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಅಧ್ಯಾಪಕರನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಉಪನ್ಯಾಸ ಮಾಡಿಸಿ, ಆ ಉಪನ್ಯಾಸಗಳನ್ನು ಸಣ್ಣ ಸಣ್ಣ ಹೊತ್ತಗೆಗಳಾಗಿ ಅಚ್ಚುಹಾಕಿಸತೊಡಗಿತು. ಇಂದೂ ಹಳೆಯ ಪುಸ್ತಕದ ಅಂಗಡಿಯಲ್ಲಿ ಅಂಥದೊಂದು ಕೈಗೆ ಸಿಕ್ಕರೆ ನಾನು ಬಿಡುವುದಿಲ್ಲ.

ಇಷ್ಟೆಲ್ಲ ನಡೆದದ್ದು ಮೈಸೂರು ಸೀಮೆಯಲ್ಲಿ. ನಮ್ಮ ಹಿರಿಯರು ಆಗ ನಿಜಾಮರ ರಾಜ್ಯದಲ್ಲಿದ್ದರು. ಇದರಲ್ಲಿ ಒಂದು ವಿಚಿತ್ರವಿದೆ. ಉನ್ನತ ವಿದ್ಯೆಯನ್ನು, ವಿಜ್ಞಾನವನ್ನೂ ಕೂಡಿಸಿ, ದೇಶಭಾಷೆಯೊಂದರಲ್ಲಿ ಬೋಧಿಸುವ ದೊಡ್ಡ ಸಾಹಸ ನಡೆದದ್ದು ಇದೇ ರಾಜ್ಯದಲ್ಲಿ, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ. ಆ ಭಾಷೆ ಉರ್ದು. ಅತ್ತ 'ವಿಜ್ಞಾನ' ಪತ್ರಿಕೆ ಹೊರಟ ವರ್ಷವೇ ಇತ್ತ ಇದು. ಕೊಡ್ಲಿಯ ಒಕ್ಕಲಿಗನ ಪಾಲಿಗೆ ಎರಡೂ ದೂರ: ಒಂದು ಭಾಷೆಯಿಂದ, ಒಂದು ದಾರಿಯಿಂದ. ಹಾಗೆಂದು ನಮ್ಮ ನೆಲಕ್ಕೆ ಶಾಸ್ತ್ರವೇ ಹೊಸದೆನ್ನುವವರು ಸೇಡಂ ತಾಲ್ಲೂಕಿನ ಮಳಖೇಡವನ್ನು ನೆನೆಯಬೇಕು. ರಾಷ್ಟ್ರಕೂಟರ ಆ ರಾಜಧಾನಿಯಿಂದ ಆಳಿದ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ರಚಿಸಿದ. ಸಂಸ್ಕೃತದ ಗ್ರಂಥವೇನೋ ನಿಜ. ಆದರೆ ಅದರ ಲೆಕ್ಕಗಳ ತುಂಬ ಮಾವಿನ ಹಣ್ಣು, ದುಂಬಿ, ದಾರಿಹೋಕರು. ಅಡಿಗೆಯಿಂದ ಹಿಡಿದು ಸಂಗೀತದವರೆಗೆ ಗಣಿತ ಬೇಡದ ಕೆಲಸವಿಲ್ಲವೆಂಬುದು ಅವನ ಅಭಿಪ್ರಾಯ.

ಬಿಟ್ಟಿ ಉಪನ್ಯಾಸವೆಂದರೆ ಅಗ್ಗದ ಉಪನ್ಯಾಸವೆಂದು ತಿಳಿಯುವವರಿದ್ದಾರೆ. ಅವರು ಡಾಕ್ಟರ್ ಎಚ್. ನರಸಿಂಹಯ್ಯನವರ ಕೆಲಸವನ್ನು ನೋಡಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಓದುವುದಕ್ಕಾಗಿ ನಡೆದೇ ಬೆಂಗಳೂರಿಗೆ ಬಂದ ಬಡ ಹುಡುಗ, ಅಮೆರಿಕದ ಓಹಾಯೋದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮರಳಿದ ಮೇಲೆ, 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದರು. ಬುಧವಾರ ಸಂಜೆ ಉಪನ್ಯಾಸ, ಜುಲೈ ತಿಂಗಳಲ್ಲಿ ವಿಜ್ಞಾನೋತ್ಸವ. ಯಾರು ಬೇಕಾದರೂ ಬಂದು ಕೂರಬಹುದು. ಒಮ್ಮೆ ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದವನು ಅಲ್ಲೊಂದು ಸಂಜೆ ಕುಳಿತಿದ್ದೆ. ಉಪನ್ಯಾಸ ಇಂಗ್ಲಿಷಿನಲ್ಲಿತ್ತು, ಅರ್ಧಕ್ಕರ್ಧ ನನ್ನ ತಲೆಯ ಮೇಲೆ ಹೋಯಿತು. ಕಡೆಯಲ್ಲಿ ಹಿಂದಿನ ಸಾಲಿನ ಒಬ್ಬರು ಎದ್ದು ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದರು. ಉಪನ್ಯಾಸಕರು ಕ್ಷಣ ತಡೆದು ಕನ್ನಡದಲ್ಲಿಯೇ ಉತ್ತರಿಸಿದರು. ಮುಕ್ಕಾಲು ಗಂಟೆಯಲ್ಲಿ ತಿಳಿಯದ್ದು ಆ ಐದು ನಿಮಿಷದಲ್ಲಿ ನನಗೆ ತಿಳಿಯಿತು. (ಅದೇ ಗೌರಿಬಿದನೂರಿನಲ್ಲಿ 1965ರಲ್ಲಿ, ದೂರ ದೇಶಗಳ ಭೂಗರ್ಭ ಅಣುಸ್ಫೋಟಗಳನ್ನು ಆಲಿಸುವುದಕ್ಕಾಗಿ ಭೂಕಂಪಮಾಪಕಗಳ ಸಾಲೊಂದನ್ನು ಹೂಡಿದರು. ನೆಲದ ಸದ್ದಿಗೆ ಕಿವಿಗೊಡುವ ವಿದ್ಯೆ ಕರ್ನಾಟಕಕ್ಕೆ ಅಪರಿಚಿತವಲ್ಲ.)

ನಮ್ಮ ಕಡೆಗೂ ಏನೂ ಬರಲಿಲ್ಲವೆಂದರೆ ಅನ್ಯಾಯವಾದೀತು. ಕಲಬುರ್ಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಮಕ್ಕಳು ಗುಂಡಿ ಒತ್ತಿ, ಚಕ್ರ ತಿರುಗಿಸಿ ನಲಿಯುವುದನ್ನು ನಾನು ಕಂಡಿದ್ದೇನೆ. 1987ರಲ್ಲಿ ದೇಶದ ಐದು ಕಡೆಗಳಿಂದ ಹೊರಟ ಜನವಿಜ್ಞಾನ ಜಾಥಾಗಳು ಹಾಡು, ನಾಟಕಗಳೊಂದಿಗೆ ಊರೂರು ತಿರುಗಿ ಭೋಪಾಲದಲ್ಲಿ ಕೂಡಿದವು. ಆದರೂ ಬೇಕಾದಾಗ ಬೇಕಾದಲ್ಲಿ ಆ ಮಾತು ಮುಟ್ಟುವುದಿಲ್ಲ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣಕ್ಕೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಖಗೋಳವಿಜ್ಞಾನಿಗಳು ದೂರದರ್ಶಕಗಳನ್ನು ಹೂಡಿ ಆಕಾಶ ನೋಡುತ್ತಿದ್ದಾಗ, ಊರುಗಳ ಜನ ಕದವಿಕ್ಕಿ ಒಳಗೆ ಕುಳಿತಿದ್ದರೆಂದು ಹಿರಿಯರು ಹೇಳುತ್ತಾರೆ. ಅದಾಗಿ ಸುಮಾರು ನಲವತ್ತು ವರ್ಷಗಳ ಮೇಲೆ, 2019ರ ಡಿಸೆಂಬರ್ 26ರ ಗ್ರಹಣದ ದಿನ, ಕಾಸರಗೋಡಿನ ಚೆರುವತ್ತೂರಿನಲ್ಲಿ ಜನ ನೆರೆದು ಸೂರ್ಯನ ಬಂಗಾರದ ಬಳೆಯನ್ನು ನೋಡಿ ಚಪ್ಪಾಳೆ ತಟ್ಟಿದರು. ಅದೇ ಬೆಳಿಗ್ಗೆ ಕಲಬುರ್ಗಿಗೆ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಗುಣವಾಗುತ್ತದೆಂಬ ನಂಬಿಕೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ವಿಜ್ಞಾನ ಕೇಂದ್ರವಿರುವ ನಗರದ ಮಗ್ಗುಲಲ್ಲಿ! ಮೂಢರೆಂದು ಜರೆಯುವುದು ಸುಲಭ. ಆ ತಾಯಿ ಅದಕ್ಕೆ ಮುಂಚೆ ಎಷ್ಟು ಬಾಗಿಲು ಬಡಿದಿದ್ದಳೋ, ಎಲ್ಲಿ ಯಾರು ಅವಳಿಗೆ ಅರ್ಥವಾಗುವಂತೆ ಎರಡು ಮಾತು ಹೇಳಿದ್ದರೋ ಜರೆಯುವವರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಅಂಕಪಟ್ಟಿಗೆ ರುಜು ಹಾಕಿದವನು ನಾನು.

ಮುದುಕರಿಗೆ ಕೊಟ್ಟ ಮಾತು ಕೊರೆಯುತ್ತಿತ್ತು. ಭೂಗರ್ಭಶಾಸ್ತ್ರ ಬಲ್ಲ ಗೆಳೆಯರೊಬ್ಬರ ಬಳಿ ನಾಲ್ಕು ಸಂಜೆ ಶಿಷ್ಯನಂತೆ ಕುಳಿತೆ. ಮೊದಲು ತಿಳಿದದ್ದು, ಆ ಹುಡುಗನ ಜ್ವಾಲಾಮುಖಿ ತೀರ ಅಪ್ರಸ್ತುತವಲ್ಲವೆಂಬುದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಸೀಳಿ ಹರಿದ ಲಾವಾರಸ ಹೆಪ್ಪುಗಟ್ಟಿ ಕರಿಗಲ್ಲಾಯಿತು. ಆ ಕಲ್ಲು ಸವೆದು ನಮ್ಮ ಎರೆಭೂಮಿಯಾಯಿತು. ಮುದುಕರು ಪ್ರತಿವರ್ಷ ತೊಗರಿ ಬಿತ್ತುವ ಮಣ್ಣು ಆ ಬೆಂಕಿಯ ಮೊಮ್ಮಗು. ಇದನ್ನು ಒಬ್ಬರಾದರೂ ಹುಡುಗನಿಗೆ ಹೇಳಿದ್ದರೆ ಅವನು ಮುದುಕರ ಎದುರಿಗೆ ಬಾಯಿ ಕಟ್ಟಿ ನಿಲ್ಲುತ್ತಿರಲಿಲ್ಲ. ಆದರೆ ಈಗಿನ ಸಪ್ಪಳಕ್ಕೆ ಆ ಬೆಂಕಿ ಕಾರಣವಲ್ಲ.

ಬೇಸಿಗೆಯ ಒಂದು ಸಂಜೆ ಕೊಡ್ಲಿಗೆ ಹೋದೆ. ಮುದುಕರು ಕಟ್ಟೆಯ ಮೇಲೆ ಸಿಕ್ಕರು. ಮಾತು ಶುರುವಾಗುವಷ್ಟರಲ್ಲಿ ಹತ್ತು ಹನ್ನೆರಡು ಜನ ಕೂಡಿದ್ದರು. ಶಹಾಬಾದಿನಲ್ಲಿ ಹಾಸುಗಲ್ಲಾಗಿ, ವಾಡಿ ಸೇಡಂಗಳಲ್ಲಿ ಸಿಮೆಂಟಾಗಿ ಹೊರಬರುವ ಸುಣ್ಣದ ಕಲ್ಲು ಈ ಸೀಮೆಯ ಒಡಲಲ್ಲಿ ಪದರ ಪದರವಾಗಿ ಹಬ್ಬಿದೆ ಎಂದೆ. ಬಂಡೆಗಳಲ್ಲಿ ಬಿರುಕುಗಳಿರುತ್ತವೆ, ಮಳೆಯ ನೀರು ಅಲ್ಲಿಗೆ ಇಳಿದು ಒತ್ತಡ ಹೆಚ್ಚಿದಾಗ, ಮೊದಲೇ ಬಿಗಿದು ನಿಂತ ಬಂಡೆ ಕೂದಲೆಳೆಯಷ್ಟು ಜಾರುವುದುಂಟೆಂದು ಬಲ್ಲವರು ಎಣಿಸುತ್ತಾರೆ. ಒದ್ದೆಯಾದ ಹಾಸುಗಲ್ಲಿನ ಮೇಲೆ ಕಾಲು ಜಾರುವಂತೆ ಎಂದು ನಾನು ಸೇರಿಸಿದೆ. ಶಾಸ್ತ್ರಕ್ಕೆ ಅದು ಪೂರ್ತಿ ಸರಿಯಲ್ಲವೆಂದು ಗೆಳೆಯರು ಆಮೇಲೆ ಗದರಿದರು. ಜಾರಿದ ಜಾಗ ಆಳದಲ್ಲಿದ್ದರೆ ನಮಗೆ ನಡುಕವಷ್ಟೇ ತಿಳಿಯುತ್ತದೆ. ಮೇಲುಮಟ್ಟದಲ್ಲಿದ್ದರೆ ಅದರ ಸೂಕ್ಷ್ಮವಾದ ಅಲೆಗಳು ನಡುವೆ ಸೊರಗದೆ ಮೇಲಕ್ಕೆ ಬರುತ್ತವೆ. ಆಗ ನೆಲವೇ ಡೊಳ್ಳಿನ ಚರ್ಮದಂತೆ ಗಾಳಿಯನ್ನು ಬಡಿಯುತ್ತದೆ, ಗುಡುಗು ಕೇಳುತ್ತದೆ.

"ಡೊಳ್ಳಂದ್ರ ತಿಳೀತು" ಎಂದರು ಒಬ್ಬರು. ಮುದುಕರು ಬಿಡಲಿಲ್ಲ. "ಹಂಗಾರ ದೊಡ್ಡದು ಬರ್ತದೋ ಇಲ್ಲೋ?"

ಇಂಥ ದಿನ ಬರುತ್ತದೆ ಎಂದು ಹೇಳಬಲ್ಲ ವಿಜ್ಞಾನಿ ಲೋಕದಲ್ಲಿ ಒಬ್ಬನೂ ಇಲ್ಲ, ಹಾಗೆ ಹೇಳುವವನನ್ನು ನಂಬಬೇಡಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲಂತ ಹೇಳಾಕ ಇಷ್ಟು ದೂರ ಬಂದ್ರಿ" ಎಂದು ನಕ್ಕರು. ಅದು ಹಾಸ್ಯವೋ ಮೆಚ್ಚಿಗೆಯೋ ನನಗೆ ತಿಳಿಯಲಿಲ್ಲ. ಕಿಲ್ಲಾರಿಯಲ್ಲಿ ಜನರನ್ನು ಹೆಚ್ಚಾಗಿ ಕೊಂದದ್ದು ನೆಲವಲ್ಲ, ಮಣ್ಣಿನ ಗಾರೆಯಲ್ಲಿ ದಪ್ಪ ಕಲ್ಲು ಪೇರಿಸಿ ಕಟ್ಟಿದ ಗೋಡೆ ಎಂಬುದನ್ನು ಹೇಳಿದೆ. ಗೋಡೆಯ ಒಳಮುಖ ಹೊರಮುಖಗಳನ್ನು ಹೊಲಿದಂತೆ ಹಿಡಿಯುವ ಉದ್ದಗಲ್ಲುಗಳನ್ನು ನಡುನಡುವೆ ಇಟ್ಟು, ಬಾಗಿಲ ಪಟ್ಟಿಯ ಎತ್ತರದಲ್ಲಿ ಮನೆಯ ಸುತ್ತ ಒಂದು ಬಿಗಿಯಾದ ಪಟ್ಟಿ ಕಟ್ಟಿದರೆ ಗೋಡೆ ಅಷ್ಟು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ.

ಆಮೇಲೆ ನಾನು ಉಪನ್ಯಾಸಕನಾಗಿ ಉಳಿಯಲಿಲ್ಲ. ಮಾತು ಅವರವರಲ್ಲಿಯೇ ನಡೆಯಿತು: ಯಾರ ಮನೆಯ ಗೋಡೆ ಯಾರು ಕಟ್ಟಿದ್ದು, ಯಾವ ಗೌಂಡಿ ಉದ್ದಗಲ್ಲು ಹಾಕಿದ್ದ, ಯಾರು ಹಣ ಉಳಿಸಿದ್ದ. ಒಬ್ಬರ ತಮ್ಮನೇ ಗೌಂಡಿ. ಅವನನ್ನು ಕರೆಯಲು ಹುಡುಗನೊಬ್ಬ ಓಡಿದ. ಮುದುಕರು ಎದ್ದು ತಮ್ಮ ಮನೆಯ ಗೋಡೆಯ ಹತ್ತಿರ ಹೋಗಿ, ಅಂಗೈಯಿಂದ ತಟ್ಟಿ ನೋಡಿ, ಗೇಣು ಹಾಕಿ ಅಳೆದರು. ಕತ್ತಲಾಗುತ್ತ ಬಂತು; ಕಲಬುರ್ಗಿಯ ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದೆ. "ಆ ಭೂಮಿ ಮಾಸ್ತರರನ್ನೂ ಕರಕೊಂಡು ಬರ್ರಿ" ಎಂದರು ಮುದುಕರು. "ರಾಶಿ ಮುಗಿದ ಮ್ಯಾಲ ಬರ್ರಿ, ಊರೇ ಕೂಡ್ತದ. ಮೈಕ್ ಬ್ಯಾಡ."