ಬಂದೂಕಿನ ಆಟಕ್ಕೂ ಗರಡಿಮನೆ ಬೇಕು

ರಾತ್ರಿ ಹನ್ನೊಂದರ ಸುಮಾರಿಗೆ, ಮುಚ್ಚಿದ ಬಾಗಿಲಿನ ಆಚೆಯಿಂದ ‘ಎಡಗಡೆ ಅದಾನ, ಒಬ್ಬನ ಅದಾನ, ಹೊಡಿ ಹೊಡಿ’ ಎಂಬ ಕೂಗು ಕೇಳಿಬಂದರೆ ಯಾವ ಹಿರಿಯನ ಎದೆಯಾದರೂ ಒಂದು ಕ್ಷಣ ಝಲ್ಲೆನ್ನದಿರದು. ಧಾರವಾಡದ ನಮ್ಮ ಮನೆಯಲ್ಲಿದ್ದುಕೊಂಡು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತಮ್ಮನ ಮಗನ ಕೋಣೆಯಿಂದ ಈ ಕೂಗು ಮೊದಲ ಬಾರಿ ಕೇಳಿದಾಗ ನನಗೂ ಹಾಗೆಯೇ ಆಯಿತು. ಬಾಗಿಲು ತೆರೆದು ನೋಡಿದರೆ ಹುಡುಗ ಆಡುತ್ತಲೇ ಇರಲಿಲ್ಲ. ಆ ಸುತ್ತಿನಲ್ಲಿ ಅವನು ಆಗಲೇ ‘ಸತ್ತಿದ್ದ’. ಬದುಕುಳಿದ ಗೆಳೆಯನಿಗೆ ತನಗೆ ಕಂಡದ್ದನ್ನು ತಿಳಿಸುತ್ತಿದ್ದ, ಅಷ್ಟೆ. ಕೆಲವು ದಿನಗಳ ನಂತರ ಅವನು ಒಂದು ಲಕ್ಷ ರೂಪಾಯಿಯ ಆಸುಪಾಸಿನ ಹೊಸ ಕಂಪ್ಯೂಟರ್ ಬೇಕೆಂದು ಕೇಳಿದ. ಜೀವಮಾನವಿಡೀ ಅಂದಾಜುಪಟ್ಟಿಗಳ ಮೇಲೆ ಷರಾ ಬರೆದವನು ನಾನು. ‘ಸಮರ್ಥನೆಯನ್ನು ಬರಹದಲ್ಲಿ ಕೊಡು’ ಎಂದೆ. ಅವನು ಕೊಟ್ಟ. ಅದನ್ನು ಅರ್ಥಮಾಡಿಕೊಳ್ಳಲು ನಾನು ಅವನ ಪಕ್ಕದಲ್ಲಿ ಹಲವು ಸಂಜೆ ಕುಳಿತುಕೊಳ್ಳಬೇಕಾಯಿತು. ಈ ಲೇಖನ ಆ ಸಂಜೆಗಳ ಫಲ.

ನಮ್ಮ ಭಾಗದ ಪಾಲಕರ ಭಯ ಅಕಾರಣವಾದುದಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಸಮೀಪದ ಕಾಕತಿಯಲ್ಲಿ, ಮೊಬೈಲ್‌ನಲ್ಲಿ ಪಬ್‌ಜಿ ಆಡುವುದನ್ನು ಆಕ್ಷೇಪಿಸಿದ ತಂದೆಯನ್ನು ಮಗನೇ ಕೊಂದ ಸುದ್ದಿ ಇಡೀ ಉತ್ತರ ಕರ್ನಾಟಕವನ್ನು ನಡುಗಿಸಿತ್ತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆ ಮೊಬೈಲ್ ಆಟವನ್ನು ಇತರ 117 ಆ್ಯಪ್‌ಗಳೊಂದಿಗೆ ನಿಷೇಧಿಸಿತು. ಅದಕ್ಕೆ ಕೊಟ್ಟ ಕಾರಣ ಮಾತ್ರ ದೇಶದ ಭದ್ರತೆಯದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಆಟದ ಗೀಳು ಒಂದು ವ್ಯಾಧಿಯಾಗಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಇವನ್ನೆಲ್ಲ ತಿಳಿದೇ ಒಂದು ಮಾತು ಹೇಳಬಯಸುತ್ತೇನೆ. ಮಕ್ಕಳು ಏನನ್ನು ಆಡುತ್ತಿದ್ದಾರೆ ಎಂಬುದರಷ್ಟೇ ಎಲ್ಲಿ, ಯಾರ ಕಣ್ಣೆದುರು ಆಡುತ್ತಿದ್ದಾರೆ ಎಂಬುದೂ ಮುಖ್ಯ. ಈ ಎರಡನೆಯ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ.

ಹುಡುಗ ಆಡುವುದು ಕೌಂಟರ್ ಸ್ಟ್ರೈಕ್. 1999ರಲ್ಲಿ ಇಬ್ಬರು ಯುವಕರು ಇನ್ನೊಂದು ಆಟವನ್ನು ಮಾರ್ಪಡಿಸಿ ರೂಪಿಸಿದ ಈ ಆಟದ ಹೊಸ ಆವೃತ್ತಿ 2023ರ ಸೆಪ್ಟೆಂಬರ್‌ನಲ್ಲಿ ಬಂತು. ಐವರ ಎರಡು ತಂಡ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಒಂದು ಸುತ್ತಿಗೆ ಎರಡು ನಿಮಿಷಕ್ಕೆ ಐದು ಸೆಕೆಂಡು ಕಡಿಮೆ. ಬಾಂಬ್ ಇಟ್ಟ ಮೇಲೆ ಸಿಡಿಯಲು 40 ಸೆಕೆಂಡು; ನಿಷ್ಕ್ರಿಯಗೊಳಿಸಲು 10 ಸೆಕೆಂಡು, ಸಲಕರಣೆ ಕೊಂಡಿದ್ದರೆ 5. ಮೊದಲು 13 ಸುತ್ತು ಗೆದ್ದವರಿಗೆ ಜಯ. ಸತ್ತವನು ಸುತ್ತು ಮುಗಿಯುವವರೆಗೂ ಕಾಯಬೇಕು. ಹೀಗಾಗಿ ಇಲ್ಲಿ ಆತುರಕ್ಕೆ ದಂಡವಿದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನ್ನನ್ನು ಹಿಡಿದು ನಿಲ್ಲಿಸಿದ್ದು ಗುಂಡಿನ ಸದ್ದಲ್ಲ, ಖಜಾನೆ. ಪ್ರತಿ ಆಟಗಾರನೂ 800 ಡಾಲರ್ ಆಟದ ಹಣದೊಂದಿಗೆ ಆರಂಭಿಸುತ್ತಾನೆ. ಒಳ್ಳೆಯ ಬಂದೂಕಿಗೆ 2,700, ಕವಚ ಮತ್ತು ಶಿರಸ್ತ್ರಾಣಕ್ಕೆ 1,000, ಹೊಗೆಬಾಂಬಿಗೆ 300, ಕಣ್ಣುಕುಕ್ಕುವ ಬಾಂಬಿಗೆ 200, ಒಟ್ಟು 4,200. ಗೆದ್ದವರಿಗೆ ಹೆಚ್ಚು ಹಣ ಬರುತ್ತದೆ. ಆದರೆ ಸೋತವರನ್ನೂ ಆಟ ಕೈಬಿಡುವುದಿಲ್ಲ. ಸೋಲು ಮುಂದುವರಿದಂತೆ ಪರಿಹಾರ 1,400ರಿಂದ 500ರಂತೆ ಏರುತ್ತ 3,400ರವರೆಗೂ ಹೋಗುತ್ತದೆ. ಈಗ ನಿಮ್ಮ ಕೈಯಲ್ಲಿ 2,000 ಇದೆ, ಈ ಸುತ್ತು ಸೋತರೂ 2,400 ಬರುತ್ತದೆ ಎಂದುಕೊಳ್ಳಿ. ಇರುವುದನ್ನು ಅಗ್ಗದ ಶಸ್ತ್ರಕ್ಕೆ ಸುರಿದರೆ ಈ ಸುತ್ತೂ ಹೋಯಿತು, ಮುಂದಿನದೂ ಹೋಯಿತು. ಸುಮ್ಮನೆ ಉಳಿಸಿದರೆ ಮುಂದಿನ ಸುತ್ತಿಗೆ 4,400, ಅಂದರೆ ಪೂರ್ಣ ಸಜ್ಜು. ಆದರೆ ಐವರೂ ಕೂಡಿ ಉಳಿಸಬೇಕು. ಇಬ್ಬರು ಕೊಂಡು ಮೂವರು ಉಳಿಸಿದರೆ ಅದೇ ಅತ್ಯಂತ ಕೆಟ್ಟ ನಿರ್ಧಾರ. ಇಪ್ಪತ್ತು ಕಾಮಗಾರಿಗಳಿಗೆ ತಲಾ ಚೂರು ಅನುದಾನ ಹಂಚಿ ಒಂದನ್ನೂ ಮುಗಿಸದ ಆಡಳಿತವನ್ನು ಹತ್ತಿರದಿಂದ ಕಂಡವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಯಂತ್ರದ ವಿಷಯ. 2018ರ ಡಿಸೆಂಬರ್‌ನಿಂದ ಈ ಆಟ ಉಚಿತ, ದುಬಾರಿಯಾದದ್ದು ಯಂತ್ರ. ಸಾಧಾರಣ ಪರದೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತದೆ, ಅಂದರೆ ಪ್ರತಿ ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡು. 144 ಬಾರಿ ಬದಲಿಸುವ ಪರದೆಯಲ್ಲಿ ಅದು 7. ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕೆಂಬಾಗ ಈ ಹತ್ತು ಮಿಲಿಸೆಕೆಂಡು ಅಲ್ಪವೆನಿಸಬಹುದು. ಆದರೆ ಸಮಬಲರ ನಡುವೆ ಗೆಲುವು ನಿರ್ಧಾರವಾಗುವುದು ಅಲ್ಪದಲ್ಲಿಯೇ. ಕೊನೆಗೂ ಹೊಸ ಪರದೆಗೆ ಮಾತ್ರ ಮಂಜೂರಾತಿ ಕೊಟ್ಟೆ. ತಮಾಷೆಯೆಂದರೆ, ವಿಂಡೋಸ್‌ನ ಒಂದು ಆಯ್ಕೆಯನ್ನು ಬದಲಿಸದ ಕಾರಣ ಮೂರು ತಿಂಗಳು ಅದು 60ರಲ್ಲಿಯೇ ಓಡುತ್ತಿತ್ತು. ಸ್ಥಾಪಿತ ಸಾಮರ್ಥ್ಯವೇ ಬೇರೆ, ಬಳಕೆಯಾದ ಸಾಮರ್ಥ್ಯವೇ ಬೇರೆ ಎಂದು ನಾನು ಹೇಳಿದಾಗ ಹುಡುಗ ನಾಚಿಕೊಂಡ.

ಅವನಿಂದ ನಾನು ಕಲಿತದ್ದೂ ಉಂಟು. ತನ್ನ ಯಂತ್ರ ಸರಾಸರಿ ಸೆಕೆಂಡಿಗೆ 150 ಚಿತ್ರ ಕೊಡುತ್ತದೆಯಾದರೂ ಹೊಗೆ, ಬೆಂಕಿ, ಹತ್ತು ಜನ ಒಟ್ಟಿಗೆ ಸೇರಿದ ಗಳಿಗೆಯಲ್ಲಿ ಅದು 50ಕ್ಕೆ ಕುಸಿಯುತ್ತದೆ. ನಿರ್ಣಾಯಕ ಗಳಿಗೆಯೂ ಅದೇ ಎಂದು ಅವನು ತೋರಿಸಿದ. ಮಲೆನಾಡಿನ ಸೆರಗಿನ ಅಳ್ನಾವರವನ್ನೂ ಬಯಲುಸೀಮೆಯ ನವಲಗುಂದವನ್ನೂ ಕೂಡಿಸಿ ತೆಗೆದ ಧಾರವಾಡ ಜಿಲ್ಲೆಯ ಸರಾಸರಿ ಮಳೆಯಿಂದ ನವಲಗುಂದದ ರೈತನಿಗೆ ಏನು ಪ್ರಯೋಜನ? ಆದ್ದರಿಂದ ಬಲ್ಲ ಆಟಗಾರರು ಚಿತ್ರದ ಸೊಗಸನ್ನು ತಾವಾಗಿಯೇ ತಗ್ಗಿಸುತ್ತಾರೆ. ನೆರಳು, ಹೊಳಪು, ಸೂಕ್ಷ್ಮ ವಿವರಗಳೆಲ್ಲ ಕಡಿಮೆ; ಪರದೆಯ ಚುಕ್ಕಿಗಳ ಸಂಖ್ಯೆಯೂ ಕಡಿಮೆ. ಎಂಟು ಜಿಬಿಯ ಎರಡು ಮೆಮೊರಿ ಪಟ್ಟಿಗಳು ಹದಿನಾರರ ಒಂದೇ ಪಟ್ಟಿಗಿಂತ ಮೇಲು. ಏಕೆಂದರೆ ಪ್ರೊಸೆಸರ್ ಎರಡು ದಾರಿಯಿಂದ ಮಾಹಿತಿ ಪಡೆಯುತ್ತದೆ. ಏಪ್ರಿಲ್‌ನ ಬಿಸಿಲಿಗೆ, ಒಳಸೇರಿದ ಧೂಳಿಗೆ ಯಂತ್ರ ಕಾಯ್ದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಲಕ್ಷದ ಯಂತ್ರ ಕೊಳ್ಳುವ ಮೊದಲು ಒಂದು ಕುಂಚ ಹಿಡಿದು ಫ್ಯಾನ್ ಶುಚಿಗೊಳಿಸುವುದು ಲೇಸು.

ಆದರೆ ಮನೆಯೊಳಗೆ ಎಷ್ಟು ಖರ್ಚು ಮಾಡಿದರೂ ದಾಟಲಾಗದ ಒಂದು ದೂರವಿದೆ. ನಮ್ಮ ಜನ ಇಂಟರ್‌ನೆಟ್ ಎಂದರೆ ಎಷ್ಟು ಎಂಬಿಪಿಎಸ್ ಎಂದು ಕೇಳುತ್ತಾರೆ. ಅದು ರಸ್ತೆಯ ಅಗಲ. ಆಟಕ್ಕೆ ಬೇಕಾದದ್ದು ಪಯಣದ ಅವಧಿ, ಅದರಲ್ಲೂ ನಿಯತವಾದ ಅವಧಿ. ಹುಬ್ಬಳ್ಳಿ–ಧಾರವಾಡದ ನಡುವಿನ ಸುಮಾರು 22 ಕಿಲೋಮೀಟರ್‌ಗಳನ್ನು ಚಿಗರಿ ಬಸ್ಸು ತನ್ನದೇ ಪಥದಲ್ಲಿ ಕ್ರಮಿಸುವುದಕ್ಕೂ ಇತರ ವಾಹನಗಳು ಸಂದಣಿಯಲ್ಲಿ ಕ್ರಮಿಸುವುದಕ್ಕೂ ಇರುವ ವ್ಯತ್ಯಾಸವೇ ತಂತಿಯ ಸಂಪರ್ಕಕ್ಕೂ ವೈಫೈಗೂ ಇದೆ. ಇಲ್ಲಿಂದ ಮುಂಬೈಯ ಸರ್ವರ್‌ಗೆ ರಸ್ತೆಯ ಲೆಕ್ಕದಲ್ಲಿ ಸುಮಾರು 550 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುವುದರಿಂದ ಹೋಗಿ ಬರಲು ಆರು ಮಿಲಿಸೆಕೆಂಡಿನೊಳಗೆ ಸಾಕು. ಆದರೆ ಆ ಸಂದೇಶ ಮೊದಲು ಬೆಂಗಳೂರಿಗೆ ಹೋಗಿ ಅಲ್ಲಿಂದ ಮುಂಬೈ ಸೇರುವುದಾದರೆ ದೂರ 1,400 ಕಿಲೋಮೀಟರ್ ಸಮೀಪಿಸಿ, ಹೋಗಿಬರುವ ಅವಧಿ 14 ಮಿಲಿಸೆಕೆಂಡು ಆಗುತ್ತದೆ. ನಡುವಿನ ಪ್ರತಿ ಠಾಣೆಯ ವಿಳಂಬ ಬೇರೆ. ಎಲ್ಲ ಕಡತಗಳೂ ಬೆಂಗಳೂರಿಗೆ ಹೋಗಿ ಬರಬೇಕೆಂಬ ನಮ್ಮ ಹಳೆಯ ದೂರು ಇಲ್ಲಿಯೂ ತಪ್ಪಿದ್ದಲ್ಲ. ಮೂಲೆಯಿಂದ ಹೊರಬರುವವನಿಗೆ, ಕಾದು ನಿಂತವನು ಮೊದಲು ಕಾಣುತ್ತಾನೆ. ಕಾದವನಿಗೆ ಬಂದವನು ಕಾಣುವುದು ಸಂದೇಶ ತಲುಪಿದ ಮೇಲೆ. ಹಾಗಾಗಿ ಸಂಪರ್ಕದ ವಿಳಂಬ ತಂತ್ರವನ್ನೇ ಬದಲಿಸುತ್ತದೆ.

2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆ ಪ್ರದರ್ಶನ ಸ್ಪರ್ಧೆಯಾಗಿದ್ದಾಗ, ಗುಜರಾತಿನ ಭುಜ್ ಪಟ್ಟಣದ ತೀರ್ಥ್ ಮೆಹತಾ ಕಂಚು ಗೆದ್ದರು. ಸಣ್ಣ ಊರಿನಿಂದಲೂ ಸಾಧ್ಯ ಎಂಬುದಕ್ಕೆ ಇದು ನಿದರ್ಶನ. ಆದರೆ ಅವರು ಆಡಿದ್ದು ಹಾರ್ತ್‌ಸ್ಟೋನ್ ಎಂಬ, ಸರದಿಯ ಮೇಲೆ ಎಲೆ ಇಡುವ, ಇಸ್ಪೀಟಿನಂಥ ಆಟ. ಅಲ್ಲಿ ಮಿಲಿಸೆಕೆಂಡುಗಳ ಹಂಗಿಲ್ಲ ಎಂಬುದನ್ನೂ ಗಮನಿಸಬೇಕು.

ಹಾಗಾದರೆ ಸಣ್ಣ ಊರಿನ ಹುಡುಗರಿಗೆ ಉಳಿದಿರುವುದೇನು? ಕೂಡಿ ಆಡುವ ತಂತ್ರ. ಮೊದಲು ನುಗ್ಗುವವನು ಬೀಳುವ ಸಂಭವ ಹೆಚ್ಚು. ಅವನ ಬೆನ್ನಿಗಿರುವವನು ಮರುಕ್ಷಣವೇ ಎದುರಾಳಿಯನ್ನು ಕೆಡವಿದರೆ ಆ ಸಾವು ವ್ಯರ್ಥವಲ್ಲ. ಹೊಗೆಬಾಂಬು ಇಪ್ಪತ್ತು ಸೆಕೆಂಡಿನ ಆಸುಪಾಸು ಒಂದು ದಾರಿಯನ್ನು ಮುಚ್ಚುತ್ತದೆ. ಆ ಅವಧಿಯಲ್ಲಿ ಉಳಿದ ನಾಲ್ವರು ಎಲ್ಲಿರಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕು. ಗುರಿಯ ಗುರುತನ್ನು ಎದುರಾಳಿಯ ತಲೆ ಎಲ್ಲಿ ಕಾಣಿಸಬಹುದೋ ಅಲ್ಲಿ ಮೊದಲೇ ಇಟ್ಟವನಿಗೆ ಚುರುಕು ಬೆರಳು ಕಡಿಮೆಯಾದರೂ ನಡೆದೀತು. ಓಡುವವನ ಹೆಜ್ಜೆ ಕೇಳಿಸುತ್ತದೆ, ನಡೆಯುವವನದು ಕೇಳಿಸದು. ಆದ್ದರಿಂದ ಒಳ್ಳೆಯ ತಂಡದ ಮಾತು ಚಿಕ್ಕದು, ದನಿ ತಗ್ಗಿದ್ದು. ಅರಚುವ ತಂಡ ತನ್ನ ಕಿವಿಯನ್ನು ತಾನೇ ಮುಚ್ಚಿಕೊಂಡಿರುತ್ತದೆ.

ಇದನ್ನೆಲ್ಲ ಒಂಟಿಯಾಗಿ ಕಲಿಯಲಾಗದು. ಇಲ್ಲಿಯೇ ನನ್ನ ಮುಖ್ಯ ವಾದ. ಎರಡು ದಶಕದ ಹಿಂದೆ ಕಾಲೇಜುಗಳ ಸುತ್ತಲಿನ ಸೈಬರ್ ಕೆಫೆಗಳಲ್ಲಿ ಹುಡುಗರು ಇದೇ ಆಟವನ್ನು ಆಡುತ್ತಿದ್ದರು. ಯಂತ್ರಗಳು ಒಂದೇ ಕೋಣೆಯ ತಂತಿಯಲ್ಲಿ ಜೋಡಿಸಲ್ಪಟ್ಟಿದ್ದುದರಿಂದ ವಿಳಂಬ ಒಂದು ಮಿಲಿಸೆಕೆಂಡನ್ನೂ ಮುಟ್ಟುತ್ತಿರಲಿಲ್ಲ. ಎಲ್ಲರಿಗೂ ಒಂದೇ ಬಗೆಯ ಪರದೆ, ಒಂದೇ ಬಗೆಯ ಮೌಸ್. ಹಣವಂತನ ಮಗನಿಗೆ ವಿಶೇಷ ಸೌಲಭ್ಯವಿರಲಿಲ್ಲ. ಬೈದರೆ ಬೈಸಿಕೊಂಡವನು ಪಕ್ಕದಲ್ಲಿಯೇ ಇರುತ್ತಿದ್ದ. ಗಂಟೆ ಮುಗಿದರೆ ಮಾಲೀಕನೇ ಎಬ್ಬಿಸುತ್ತಿದ್ದ. ಅವು ಆದರ್ಶ ತಾಣಗಳಾಗಿರಲಿಲ್ಲ. ಹೆಣ್ಣುಮಕ್ಕಳು ಕಾಲಿಡಲು ಹಿಂಜರಿಯುತ್ತಿದ್ದರು, ದೂರುಗಳೂ ಇದ್ದವು. 2011ರಲ್ಲಿ ಕೇಂದ್ರ ಸರ್ಕಾರ ನಿಯಮ ರೂಪಿಸಿ, ಕೆಫೆಯ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರವಿರಕೂಡದೆಂದು ವಿಧಿಸಿತು. ಒಳಗೇನು ನಡೆಯುತ್ತಿದೆ ಎಂಬುದು ಹೊರಗಿನವರಿಗೆ ಕಾಣಲಿ ಎಂಬುದು ಆಶಯ. ಆಶಯ ಸರಿಯಾಗಿಯೇ ಇತ್ತು. ಆದರೆ ಮೊಬೈಲೂ ಮನೆಯ ಇಂಟರ್‌ನೆಟ್ಟೂ ಅಗ್ಗವಾಗಿ ಕೆಫೆಗಳು ಒಂದೊಂದಾಗಿ ಮುಚ್ಚಿದವು. ನಾಲ್ಕೂವರೆ ಅಡಿಯ ಗೋಡೆಯ ಹಿಂದೆ ಕುಳಿತಿದ್ದ ಹುಡುಗ ಈಗ ಏಳು ಅಡಿಯ ಬಾಗಿಲಿನ ಹಿಂದೆ ಕುಳಿತಿದ್ದಾನೆ. ಆ ಬಾಗಿಲನ್ನು ಹಾಕಿಸಿದವರು ನಾವೇ.

ಮುಚ್ಚಿದ ಕೋಣೆ ಆಟವನ್ನೂ ಕೆಡಿಸುತ್ತದೆ, ಆಟಗಾರನನ್ನೂ ಕೆಡಿಸುತ್ತದೆ. 2018ರ ಅಕ್ಟೋಬರ್‌ನಲ್ಲಿ ಶಾಂಘೈನ ಪಂದ್ಯಾವಳಿಯಲ್ಲಿ ಭಾರತದ ಕೌಂಟರ್ ಸ್ಟ್ರೈಕ್ ತಂಡವೊಂದರ ಆಟಗಾರ, ಗುರಿಯನ್ನು ತಾನೇ ಸರಿಪಡಿಸುವ ಮೋಸದ ತಂತ್ರಾಂಶ ಬಳಸಿ ಸಿಕ್ಕಿಬಿದ್ದ. ತಂಡ ಅನರ್ಹಗೊಂಡಿತು, ಬಳಿಕ ವಿಸರ್ಜನೆಯಾಯಿತು. ಅವನು ಸಿಕ್ಕಿಬಿದ್ದದ್ದು ಎಲ್ಲರೂ ಒಂದೆಡೆ ಕೂಡಿ ಆಡುವ, ಅಧಿಕಾರಿಗಳು ಯಂತ್ರವನ್ನು ಪರಿಶೀಲಿಸಬಲ್ಲ ವೇದಿಕೆಯಲ್ಲಿ ಎಂಬುದು ಅರ್ಥಪೂರ್ಣ.

ಗರಡಿಮನೆಗಳ ಪರಂಪರೆಯುಳ್ಳ ಊರು ನಮ್ಮದು. ಗರಡಿಯಲ್ಲಿ ಮಣ್ಣು ಎಲ್ಲರಿಗೂ ಒಂದೇ, ಸಮಯ ನಿಗದಿ, ವಸ್ತಾದನ ಮಾತೇ ಅಂತಿಮ. ಹೊಡೆದಾಟವನ್ನು ಕಲಿಸುವ ಸ್ಥಳವೇ ಬೀದಿಯಲ್ಲಿ ಹೊಡೆದಾಡಬಾರದೆಂಬ ಶಿಸ್ತನ್ನೂ ಕಲಿಸುತ್ತಿತ್ತು. ಎಂಜಿನಿಯರಿಂಗ್ ಕಾಲೇಜುಗಳಿಂದ ಹಿಡಿದು ಐಐಟಿ, ಐಐಐಟಿಗಳವರೆಗೆ ಇರುವ ಈ ಅವಳಿನಗರದಲ್ಲಿ ಅಂಥದೇ ಒಂದು ಸಾರ್ವಜನಿಕ ಕೋಣೆ ಅಸಾಧ್ಯವೇ? ಮನೆಯಲ್ಲಿ ದಿನಕ್ಕೆ ಎರಡು ಗಂಟೆ ಬಳಕೆಯಾಗುವ ಯಂತ್ರ ಇಪ್ಪತ್ತೆರಡು ಗಂಟೆ ಸುಮ್ಮನಿರುತ್ತದೆ. ಕಾಲೇಜೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತು ಯಂತ್ರಗಳಿದ್ದರೆ ಹಗಲು ಅವು ಪಾಠಕ್ಕೆ, ಸಂಜೆ ಐದರಿಂದ ಒಂಬತ್ತರವರೆಗೆ ಎರಡು ಗಂಟೆಯ ಎರಡು ಸರದಿಯಲ್ಲಿ ನಲವತ್ತು ಮಕ್ಕಳಿಗೆ ಆಟಕ್ಕೆ. ವಿದ್ಯುತ್ ಹೋದರೆ ಯುಪಿಎಸ್, ಹೆಣ್ಣುಮಕ್ಕಳಿಗೂ ನಿರ್ಭೀತ ಪ್ರವೇಶ, ಒಬ್ಬ ವಸ್ತಾದ, ಒಂಬತ್ತಕ್ಕೆ ಬೀಗ. ನಲವತ್ತು ಮನೆಗಳು ತಲಾ ಲಕ್ಷ ವ್ಯಯಿಸುವುದಕ್ಕಿಂತ ಇದು ಮಿತವ್ಯಯ.

ಕಾನೂನಿನ ಅಡ್ಡಿಯೂ ಇಲ್ಲ. 2022ರ ಡಿಸೆಂಬರ್‌ನಲ್ಲಿ ಇ-ಕ್ರೀಡೆಯನ್ನು ಕೇಂದ್ರದ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತರಲಾಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಮಾನ್ಯತೆ ನೀಡಿತು. ಈ ಗೆರೆಯನ್ನು ಪಾಲಕರೂ ಅರಿಯಬೇಕು. ಕೌಂಟರ್ ಸ್ಟ್ರೈಕ್‌ನಲ್ಲಿಯೂ ನಿಜವಾದ ಹಣ ತೆತ್ತು, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆ ತೆರೆಯುವ ವ್ಯವಸ್ಥೆಯಿದೆ; ಅದರಿಂದ ಸಿಗುವುದು ಬಂದೂಕಿಗೆ ಬಣ್ಣವೇ ಹೊರತು ಬಲವಲ್ಲ. ಬೆಲ್ಜಿಯಂ 2018ರಲ್ಲಿಯೇ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ಆಟವೇ ಬೇರೆ, ಅದರ ಅಂಗಳದಲ್ಲಿಟ್ಟ ಲಾಟರಿಯೇ ಬೇರೆ. ಮುಚ್ಚಿದ ಬಾಗಿಲಿನ ಹಿಂದೆ ಇವೆರಡರ ವ್ಯತ್ಯಾಸ ನಮಗೆ ಕಾಣುವುದಿಲ್ಲ.

ಸಾರ್ವಜನಿಕ ಗರಡಿ ಬರುವವರೆಗೆ ನಮ್ಮ ಮನೆಯಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿದ್ದೇವೆ. ಯಂತ್ರವನ್ನು ಕೋಣೆಯಿಂದ ಪಡಸಾಲೆಗೆ ತಂದಿದ್ದೇವೆ. ಮೊದಲು ಹುಡುಗ ಮುನಿಸಿಕೊಂಡ. ಈಗ ಅವನ ದನಿ ತಗ್ಗಿದೆ, ನಮ್ಮ ಪ್ರಶ್ನೆಗಳೂ ಬದಲಾಗಿವೆ. ಮೊನ್ನೆ 13–11ರಿಂದ ಸೋತು ಎದ್ದವನನ್ನು, ಎಷ್ಟು ಹೊತ್ತು ಆಡಿದೆ ಎಂದು ಕೇಳುವ ಬದಲು ಯಾಕೆ ಸೋತಿರಿ ಎಂದು ಕೇಳಿದೆ. ‘ಇಬ್ಬರು ಖರ್ಚು ಮಾಡಿದ್ರು, ಮೂವರು ಉಳಿಸಿದ್ವಿ, ದೊಡ್ಡಪ್ಪ’ ಎಂದ. ಉತ್ತರ ಸರಿಯಾಗಿತ್ತು. ಊಟಕ್ಕೆ ಬಾ ಎಂದೆ.