ಗೋಡೆಯ ಮೇಲಣ ಜೇಡ

ಮಳೆಗಾಲದ ಒಂದು ಬೆಳಗ್ಗೆ ಎದ್ದು ಕನ್ನಡಿ ನೋಡಿಕೊಂಡರೆ ಕುತ್ತಿಗೆಯ ಮೇಲೆ ಕೆಂಪಗೆ ಒಂದು ಬರೆ. ಅದರ ಮೇಲೆ ಸಣ್ಣ ಸಣ್ಣ ಗುಳ್ಳೆಗಳು. ಮುಟ್ಟಿದರೆ ಸುಟ್ಟ ಗಾಯದಂತಹ ಉರಿ. ಮನೆಯ ಹಿರಿಯರು ನೋಡಿದೊಡನೆಯೇ “ರಾತ್ರಿ ಜೇಡ ಹರಿದಿದೆ” ಎಂದು ತೀರ್ಪು ಕೊಡುವುದುಂಟು. ಕತ್ತೆತ್ತಿದರೆ ಗೋಡೆಯ ಮೂಲೆಯಲ್ಲಿ ಜೇಡವೂ ಇದ್ದೇ ಇರುತ್ತದೆ. ಪೊರಕೆ ಬರುತ್ತದೆ, ಶಿಕ್ಷೆ ಮುಗಿಯುತ್ತದೆ. ವಿಚಾರಣೆಯೊಂದು ಮಾತ್ರ ನಡೆಯುವುದಿಲ್ಲ. ಅದನ್ನು ಈ ಹೊತ್ತು ನಾವು ನಡೆಸೋಣ.

ಜೇಡವನ್ನು ಹುಳುವೆಂದು ಕರೆಯುವುದು ವಾಡಿಕೆಯಾದರೂ ಅದು ಕೀಟವಲ್ಲ. ಕೀಟಕ್ಕೆ ಕಾಲು ಆರು, ಜೇಡಕ್ಕೆ ಎಂಟು. ಮೀಸೆಯೂ ಇಲ್ಲ, ರೆಕ್ಕೆಯೂ ಇಲ್ಲ. ಚೇಳು, ಉಣ್ಣೆಗಳು ಅದರ ದಾಯಾದಿಗಳು. ಪ್ರಪಂಚದಲ್ಲಿ ಹೆಸರಿಟ್ಟು ಗುರುತಿಸಿದ ಜೇಡಗಳ ಜಾತಿಗಳು 2022ರಲ್ಲಿ 50,000ವನ್ನು ಮುಟ್ಟಿದುವು. ಇವುಗಳಲ್ಲಿ ಬಹುಮಟ್ಟಿಗೆ ಎಲ್ಲಕ್ಕೂ ವಿಷವುಂಟು, ಇದನ್ನು ಮುಚ್ಚಿಡಬೇಕಾದುದಿಲ್ಲ. ಆದರೆ ಆ ವಿಷವಿರುವುದು ನೊಣ, ಜಿರಲೆಗಳನ್ನು ಹಿಡಿಯುವುದಕ್ಕಾಗಿ. ಅದು ಹೊರಬರುವುದು ಬಾಯ ಮುಂದಿನ ಎರಡು ಹಲ್ಲುಗಳ ತುದಿಯಿಂದ. ಜೇಡವು ಮೈಮೇಲೆ ಹರಿದುಹೋದ ಮಾತ್ರಕ್ಕೆ ಗುಳ್ಳೆಗಳೇಳಲು ಕಾರಣವೇ ಇಲ್ಲ. ಮನೆಯ ಸಣ್ಣ ಜೇಡಗಳಲ್ಲಿ ಅನೇಕಕ್ಕೆ ನಮ್ಮ ಚರ್ಮವನ್ನು ಕಚ್ಚಿ ತೂತುಮಾಡುವ ಶಕ್ತಿಯೂ ಇಲ್ಲ. ಕಾಡಿನ ಪೊಟರೆ, ಬಿಲಗಳಲ್ಲಿರುವ ದೊಡ್ಡ ರೋಮದ ಜೇಡಗಳ ಮಾತು ಬೇರೆ. ಅವುಗಳ ಕಡಿತ ಬಹಳ ನೋವಿನದು. ಅವುಗಳ ಗೊಡವೆಗೆ ಹೋಗತಕ್ಕದ್ದಲ್ಲ.

ಹಾಗಾದರೆ ಆ ಬರೆ ಎಲ್ಲಿಂದ ಬಂತು? ಮಳೆಗಾಲದ ರಾತ್ರಿ ದೀಪಕ್ಕೆ ಮುತ್ತುವ ಹುಳುಗಳಲ್ಲಿ ಒಂದು ಸಣ್ಣ ದುಂಬಿಯುಂಟು. ಉದ್ದ ಒಂದು ಸೆಂಟಿಮೀಟರಿನ ಒಳಗೆ; ಕೆಂಪು, ಕಪ್ಪು ಬಣ್ಣಗಳು ಒಂದಾದಮೇಲೊಂದು; ನೋಟಕ್ಕೆ ಇರುವೆಯಂತೆ. ಶಾಸ್ತ್ರಜ್ಞರು ಅದನ್ನು ಪೀಡರಸ್ ಎನ್ನುತ್ತಾರೆ. ಅದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ನಿದ್ದೆಗಣ್ಣಿನಲ್ಲಿ ನಾವು ಅದನ್ನು ಕುತ್ತಿಗೆಯ ಮೇಲೆ ಉಜ್ಜಿದರೆ ಒಳಗಿನ ರಸವು ಚರ್ಮಕ್ಕೆ ತಗಲುತ್ತದೆ. ಉರಿ ಕೂಡಲೇ ಕಾಣುವುದಿಲ್ಲ. ಒಂದು ದಿನವೋ ಇನ್ನೂ ಸ್ವಲ್ಪ ಹೆಚ್ಚೋ ಕಳೆದಮೇಲೆ ಬರುತ್ತದೆ. ಅಷ್ಟರಲ್ಲಿ ದುಂಬಿಯ ನೆನಪೇ ಇರುವುದಿಲ್ಲ, ಕಣ್ಣಿಗೆ ಬೀಳುವುದು ಗೋಡೆಯ ಜೇಡ. ಇಂತಹ ದುಂಬಿ ಮೈಮೇಲೆ ಕುಳಿತರೆ ಹೊಸಕದೆ ಊದಿಬಿಡಬೇಕು. ರಸ ತಗಲಿದ್ದರೆ ತಡಮಾಡದೆ ಸಾಬೂನುನೀರಿನಿಂದ ತೊಳೆಯಬೇಕು.

ಎರಡನೆಯ ಕಾರಣ ಇದಕ್ಕಿಂತ ದೊಡ್ಡದು. ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಗುಳ್ಳೆಗಳೆದ್ದು, ಅದಕ್ಕೆ ಮುಂಚೆಯೇ ಅಲ್ಲಿ ನೋವೋ ಉರಿಯೋ ಇದ್ದರೆ ಅದು ಸರ್ಪಸುತ್ತು ಆಗಿರಬಹುದು. ಹಿಂದೆಂದೋ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸು ನರಗಳಲ್ಲಿ ಅಡಗಿದ್ದು ಮತ್ತೆ ಏಳುವುದೇ ಈ ಕಾಯಿಲೆ. ಇದಕ್ಕೆ ಔಷಧವುಂಟು, ಗುಳ್ಳೆ ಕಂಡ ಮೂರು ದಿನಗಳೊಳಗೆ ಆರಂಭಿಸಿದರೆ ಗುಣ ಹೆಚ್ಚು. ಕಣ್ಣಿನ ಬಳಿ ಎದ್ದರೆ ದೃಷ್ಟಿಗೇ ಅಪಾಯ. ಜೇಡನ ವಿಷವೆಂದು ಮಂತ್ರಹಾಕಿಸಿ, ಲೇಪ ಹಚ್ಚಿ ಆ ಮೂರು ದಿನಗಳನ್ನು ಕಳೆದುಕೊಂಡರೆ ನಷ್ಟ ಜೇಡಕ್ಕಲ್ಲ, ನಮಗೆ.

ಇನ್ನು ಆರೋಪಿಯ ನಡತೆ. ಅಡಿಗೆಮನೆಯ ಗೋಡೆಯಲ್ಲಿ ಅಂಗೈಯಗಲ ಕಾಲು ಚಾಚಿ ನಮ್ಮನ್ನು ಹೆದರಿಸುವ ಚಪ್ಪಟೆ ಜೇಡವು ಬಲೆ ಕಟ್ಟುವುದಿಲ್ಲ. ರಾತ್ರಿ ಓಡಾಡಿ ಜಿರಲೆಗಳನ್ನು ಬೇಟೆಯಾಡುತ್ತದೆ. ಅದರ ಹೆಣ್ಣು ಬಿಳಿಯ ಬಿಲ್ಲೆಯಂತಹ ಮೊಟ್ಟೆಚೀಲವನ್ನು ಹೊಟ್ಟೆಯಡಿಯಲ್ಲಿ ಹೊತ್ತು ತಿರುಗುವುದನ್ನು ನಾವು ನೋಡಬಹುದು. ಕಿಟಕಿಯ ಬಳಿ ನೆಗೆದಾಡುವ ಪುಟ್ಟ ಜೇಡವು ನಾವು ಬಗ್ಗಿ ನೋಡಿದರೆ ತಾನೂ ತಿರುಗಿ ನಮ್ಮನ್ನೇ ನೋಡುತ್ತದೆ. ಅದರ ಮುಂದಿನ ಎರಡು ಕಣ್ಣುಗಳು ಅಷ್ಟು ದೊಡ್ಡವು, ಅಷ್ಟು ಚುರುಕು.

ತೋಟದಲ್ಲಿ ಚಕ್ರದಂತಹ ಬಲೆ ನೇಯುವ ಜೇಡಗಳದು ಇನ್ನೊಂದು ಸೋಜಿಗ. ಅವುಗಳಲ್ಲಿ ಅನೇಕವು ಹಳೆಯ ಬಲೆಯನ್ನು ತಾವೇ ತಿಂದು, ಅದರಲ್ಲಿದ್ದ ಸತ್ತ್ವದಿಂದಲೇ ಹೊಸ ನೂಲು ತೆಗೆಯುತ್ತವೆ. ಮುಂಡಕೋಪನಿಷತ್ತು ಜಗತ್ತಿನ ಉತ್ಪತ್ತಿಗೆ ಉಪಮಾನವಾಗಿ ನೂಲನ್ನು ಹೊರಬಿಟ್ಟು ಮತ್ತೆ ಒಳಕ್ಕೆ ಸೆಳೆದುಕೊಳ್ಳುವ ಜೇಡವನ್ನು ಹೇಳಿದೆ. ಅದು ಬರಿಯ ಕಲ್ಪನೆಯೆಂದು ನಾವು ಬಹುಕಾಲ ನಂಬಿದ್ದೆವು. ತೋಟದಲ್ಲಿ ಕಾದು ಕುಳಿತು ನೋಡಿದವರ ಮಾತೆಂದು ಈಗ ತೋರುತ್ತದೆ.

ಧೂಳು ತುಂಬಿದ ಪಾಳುಬಲೆಗಳನ್ನು ಗುಡಿಸಲು ಸಂಕೋಚ ಬೇಡ. ಜೇಡವೇ ಮಲಗುವ ಕೋಣೆಗೆ ಬಂದು ಮಕ್ಕಳು ಹೆದರಿದರೆ, ಅದರ ಮೇಲೆ ಒಂದು ಲೋಟವನ್ನು ಕವುಚಿ, ಗೋಡೆಗೂ ಲೋಟಕ್ಕೂ ನಡುವೆ ದಪ್ಪ ಕಾಗದವನ್ನು ಮೆಲ್ಲಗೆ ತೂರಿಸಿ, ಹೊರಗೆ ಗಿಡದ ಬುಡದಲ್ಲಿ ಬಿಟ್ಟುಬರಬಹುದು.