ಮೆಲ್ಲನೆಯ ವ್ಯಾಯಾಮ

ಕೊಪ್ಪಳದ ಕಡೆಯ ಮನೆಗಳಲ್ಲಿ ವ್ಯಾಯಾಮದ ಮಾತೆತ್ತಿದರೆ ನಾವು ಕೇಳುವ ಉತ್ತರವೊಂದೇ: "ದಿನವೆಲ್ಲ ದುಡಿಯುವದು ಸಾಲದೇನು?" ಮಾತು ಯುಕ್ತವೇ. ಆದರೆ ಗಂಗಾವತಿಯ ಭತ್ತದ ಗದ್ದೆಯಲ್ಲಿ ಬಾಗಿದ ಬೆನ್ನೂ, ಕುಷ್ಟಗಿ, ಯಲಬುರ್ಗಾಗಳ ಹೊಲಗಳಲ್ಲಿ ಕುಕ್ಕುರುಗಾಲಿನಿಂದ ಕಳೆ ತೆಗೆದ ಮೊಣಕಾಲೂ, ಅಂಗಡಿಯಲ್ಲಿ ಕುಳಿತ ಸೊಂಟವೂ ಒಂದೇ ಭಂಗಿಯಲ್ಲಿ ಬಿಗಿದುಕೊಳ್ಳುವವು. ದೇಹವನ್ನು ದಣಿಸುವದು ಬೇರೆ, ಸಡಿಲಿಸುವದು ಬೇರೆ.

ಅಶಕ್ತರಿಗೆ ಇದು ಅಸಾಧ್ಯವೆಂಬ ಶಂಕೆಗೆ ನಮ್ಮ ನಾಡಿನಲ್ಲಿಯೇ ಸಮಾಧಾನವುಂಟು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯಾ, ಕ್ಷಯಗಳಿಂದ ಕೃಶರಾಗಿದ್ದರು. 1934ರಲ್ಲಿ ಮೈಸೂರಿಗೆ ಹೋಗಿ ಭಾವಂದಿರಾದ ಟಿ. ಕೃಷ್ಣಮಾಚಾರ್ಯರಲ್ಲಿ ಆಸನಗಳನ್ನು ಕಲಿತರು. ಮುಂದೆ ಗೋಡೆ, ಕುರ್ಚಿ, ಹಗ್ಗಗಳ ಆಸರೆಯಿಂದ ವೃದ್ಧರೂ ರೋಗಿಗಳೂ ಅಭ್ಯಾಸ ಮಾಡುವಂತೆ ಕಲಿಸಿದರು. 2014ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬಿಸಿಲೇರುವ ಮುನ್ನ, ಬರಿಹೊಟ್ಟೆಯಲ್ಲಿ, ಕಾಲು ಗಂಟೆಯಿಂದ ಆರಂಭಿಸಿದರೆ ಸಾಕು. ಗೋಡೆಗೆ ಅಂಗೈಗಳನ್ನೂರಿ ಬೆನ್ನನ್ನು ಮೆಲ್ಲನೆ ನೀಳಗೊಳಿಸಬೇಕು. ಬಳಿಕ ನೆಟ್ಟಗೆ ಕುಳಿತು ಮೂಗಿನಿಂದ ಉಸಿರನ್ನು ನಿಧಾನವಾಗಿ ಎಳೆದು, ಇನ್ನೂ ನಿಧಾನವಾಗಿ ಬಿಡಬೇಕು. ಉಸಿರು ಸಾವಧಾನವಾದಂತೆ ಎದೆಬಡಿತವು ತಗ್ಗುವದು, ಮನಸ್ಸೂ ತಣಿಯುವದು. ನೋವು ತೋರಿದರೆ ನಿಲ್ಲಿಸತಕ್ಕದ್ದು. ಗರ್ಭಿಣಿಯರೂ ರಕ್ತದೊತ್ತಡ, ಹೃದ್ರೋಗಗಳುಳ್ಳವರೂ ವೈದ್ಯರನ್ನು ಕೇಳಿಯೇ ತೊಡಗಬೇಕು. ನಡೆಯುತ್ತಿರುವ ಔಷಧವನ್ನು ತಾವಾಗಿ ಬಿಡಕೂಡದು.

ಎಲ್ಲರಿಗಿಂತ ಮೊದಲೇಳುವ ಗೃಹಿಣಿಗೆ ಮಾತ್ರ ಈ ಕಾಲು ಗಂಟೆಯೂ ದುರ್ಲಭ. ಅಷ್ಟು ಹೊತ್ತು ಕಸಗುಡಿಸಿ, ನೀರು ತುಂಬುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ ಎಂಬುದು ನಮ್ಮ ಬಿನ್ನಹ. ಅವರಿಗೆ ಅದೂ ವ್ಯಾಯಾಮವೇ ಆದೀತು!